ಕೋಳಿ ಶೆಡ್ಡಿನ ಸೌಂಡು

ಫೆಬ್ರವರಿ 3, ಸೋಮವಾರ

ಬೆಳಗ್ಗೆ ಕಂಪನಿ ಲಾರಿ ಬಂತು. ಬ್ಯಾಚ್ ಹೋಯಿತು. ಶೆಡ್ ಖಾಲಿ. ಅಮ್ಮ ಬಾಗಿಲಲ್ಲೇ ನಿಂತು ಕೋಳಿ ಹಿಡಿಯುವವರಿಗೆ ಬೈಯುತ್ತಿದ್ದಳು — "ರೆಕ್ಕೆ ಮುರೀತೀರಲ್ರೋ, ಕಾಲು ಹಿಡೀರಿ, ಕಾಲು!" ಇವಳಿಲ್ಲದಿದ್ದರೆ ಈ ಶೆಡ್ ಯಾವತ್ತೋ ಮುಚ್ಚಿಹೋಗುತ್ತಿತ್ತು. ನನ್ನದು ಸಹಿ ಹಾಕುವುದಷ್ಟೇ. ಯುಗಾದಿವರೆಗೂ ಮರಿ ಬೇಡವಂತೆ. ನೆಲ ಕಿತ್ತುಹೋಗಿದೆ, ಸಿಮೆಂಟ್ ಹಾಕಿಸಿ ಒಣಗಿಸಬೇಕಂತೆ. ಸರಿ ಅಂದೆ.

ಬಾಶೆಟ್ಟಿಹಳ್ಳಿಗೆ ಲೇಟು. ಫ್ಯಾಕ್ಟರಿಯಲ್ಲಿ ಮೀಟಿಂಗ್, ರಿಜೆಕ್ಷನ್ ಜಾಸ್ತಿ ಅಂತ. ಮಧ್ಯದಲ್ಲಿ ಫೋನು. ಗೊತ್ತಿಲ್ಲದ ನಂಬರು.

"ಸರ್, ನೀವು 'ಹಿಕ್ಕೆ' ಮನೋಹರ್ ಅಲ್ವಾ?"

ಎದ್ದು ಹೊರಗೆ ಓಡಿದೆ. ಯಾರಿಗಾದರೂ ಕೇಳಿಸಿತಾ ಅಂತ ಹಿಂದೆ ತಿರುಗಿ ನೋಡಿದೆ. ಕ್ವಾಲಿಟಿ ಮ್ಯಾನೇಜರ್ ಸಾಹೇಬರಿಗೆ ಒಂದು ಕಾಲದಲ್ಲಿ ಕೋಳಿ ಹಿಕ್ಕೆ ಅಂತ ಹೆಸರಿತ್ತು ಅಂತ ಗೊತ್ತಾದರೆ ಕ್ಯಾಂಟೀನಿನಲ್ಲಿ ನನ್ನ ಕಥೆ ಮುಗಿಯಿತು.

ಹುಡುಗಿಯ ಹೆಸರು ಚೈತ್ರ. ಬೆಂಗಳೂರಿನವಳು. ಡಾಕ್ಯುಮೆಂಟರಿ ಮಾಡುತ್ತಿದ್ದಾಳಂತೆ, ಬೆಂಗಳೂರಿನ ಪಂಕ್ ಮ್ಯೂಸಿಕ್ ಎಲ್ಲಿಂದ ಶುರುವಾಯಿತು ಅಂತ. ಹಳೇ ಬ್ಯಾಂಡಿನವರನ್ನು ಯಾರನ್ನು ಕೇಳಿದರೂ ದೊಡ್ಡಬಳ್ಳಾಪುರದ ಹತ್ತಿರ ಒಂದು ಕೋಳಿ ಶೆಡ್ಡು ಅಂತಾರಂತೆ! ನಗು ಬಂತು. 'ಹಿಕ್ಕೆ' ಬ್ಯಾಂಡು ಅಂದರೆ ಮೂರೇ ಜನ ನಾವು. ಗಿಟಾರ್ ಮತ್ತು ಕಿರುಚಾಟ ನನ್ನದು, ಡ್ರಮ್ಸ್ ಗುರು, ಬೇಸ್ ಚಲಪತಿ. ಡಿಗ್ರಿ ಫೇಲಾದ ವರ್ಷ ಶುರುಮಾಡಿದ್ದು. ಒಂದು ಬ್ಯಾಚ್ ಕೋಳಿ ಹೋಗಿ ಇನ್ನೊಂದು ಬರುವ ಮಧ್ಯೆ ಶೆಡ್ಡಿನಲ್ಲಿ ಹಾಡುತ್ತಿದ್ದೆವು. ಬೆಂಗಳೂರಿನ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು, ಮೂಗು ಮುಚ್ಚಿಕೊಂಡು ಕುಣಿಯುತ್ತಿದ್ದರು. ಒಂದೇ ಕ್ಯಾಸೆಟ್ ಮಾಡಿದ್ದು. ಆಮೇಲೆ ಆ ಹುಡುಗರೆಲ್ಲ ಹೋಗಿ ತಮ್ಮ ತಮ್ಮ ಬ್ಯಾಂಡ್ ಕಟ್ಟಿದರು. ಈಗಿನವರು ಗೋಡೌನು, ಗ್ಯಾರೇಜುಗಳಲ್ಲಿ ಹಾಡಿ ಅದಕ್ಕೆ 'ಬ್ಯಾಚ್ ಶೋ' ಅನ್ನುತ್ತಾರಂತೆ. ಬ್ಯಾಚ್ ಅಂದರೆ ಬಾಯ್ಲರ್ ಕೋಳಿ ಅಂತ ಅವಕ್ಕೆ ಗೊತ್ತಿಲ್ಲ.

ಮನೆಗೆ ಬಂದು ಹೇಳಿದರೆ ನವ್ಯ ನಂಬಲೇ ಇಲ್ಲ. "ಅಪ್ಪಾ, ನೀನು? ಪಂಕ್? ನೀನು ಅಂಗಿ ಇನ್ ಮಾಡ್ಕೊಂಡೇ ಮಲಗ್ತೀಯಲ್ಲ!"

ಖುಷಿಯಾಯಿತು. ಇರಲಿ, ಬರೆದೇ ಬಿಡುತ್ತೇನೆ. ತುಂಬಾ ಖುಷಿಯಾಯಿತು.


ಫೆಬ್ರವರಿ 5, ಬುಧವಾರ

ಭಾನುವಾರ ಚೈತ್ರ ಶೂಟಿಂಗಿಗೆ ಬರುತ್ತಾಳೆ, ಚಲಪತಿಗೆ ಫೋನ್ ಮಾಡಿದೆ. ಹಿಂದೂಪುರದಲ್ಲಿ ಪೈಪಿನ ಅಂಗಡಿ. "ಬರಲ್ಲ ಕಣೋ ಮಾರಾಯ. ನಮ್ಮ ಮಾವನಿಗೆ ಗೊತ್ತಾದ್ರೆ ಅಂಗಡಿ ಬೀಗ ಇಸ್ಕೊಂಡ್ಬಿಡ್ತಾರೆ" ಅಂದ.

ಗುರು ಬರುತ್ತಾನೆ. ದಾಬಸ್‌ಪೇಟೆಯ ವೇರ್‌ಹೌಸ್ ಒಂದರಲ್ಲಿ ಮ್ಯಾನೇಜರ್ ಈಗ. ನೆಲಮಂಗಲದಲ್ಲಿ ಮನೆ ಕಟ್ಟಿಸಿ ಅವರಮ್ಮನನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಗೃಹಪ್ರವೇಶಕ್ಕೆ ಕರೆದಿದ್ದ. ಆಡಿಟ್ ಇತ್ತು, ಹೋಗಲಿಲ್ಲ. ಫೋನಿನಲ್ಲಿ ಅದೇ ನಗು. "ಲೇ, ನಮ್ಮನ್ನ ಯಾರೋ ಸಿನಿಮಾ ತೆಗೀತಾರೆ ಅಂದ್ರೆ ದೇಶ ಉದ್ಧಾರ ಆಯ್ತು ಬಿಡು. ಭಾನುವಾರ ತಾನೇ? ಶೆಡ್ಡಿಗೆ ತಾನೇ?"

ಶೆಡ್ಡಿಗೇ ಅಂದೆ.


ಫೆಬ್ರವರಿ 8, ಶನಿವಾರ

ಬೆಳಗಿನಿಂದ ತಲೆಯಲ್ಲಿ ಒಂದೇ ಹುಳ. ನಾಳೆಯ ಕಾಫಿ.

ಶೂಟಿಂಗಿನವರು ಬೆಂಗಳೂರಿಂದ ಬರುತ್ತಾರೆ, ಮನೆಯಲ್ಲಿ ಕಾಫಿ ಕೊಡಲೇಬೇಕು. ಗುರುವೂ ಇರುತ್ತಾನೆ. ಗುರು ಕಾಲೋನಿಯವನು, ನಾವು ಊರೊಳಗಿನವರು. ಅವನು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಬ್ಯಾಂಡಿನ ಕಾಲದಲ್ಲಿ ಕಾಫಿ ಫ್ಲಾಸ್ಕಿನಲ್ಲಿ ಶೆಡ್ಡಿಗೇ ಹೋಗುತ್ತಿತ್ತು. ಅವನದೊಂದು ಲೋಟ ಅಲ್ಲೇ ಕಿಟಕಿಯ ಮೇಲಿರುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಅವನೇ ತೆಗೆದುಕೊಳ್ಳುತ್ತಿದ್ದ, ಅವನೇ ತೊಳೆದಿಡುತ್ತಿದ್ದ. ಆಮೇಲೆ ಇಬ್ಬರೂ ಸೇರಿ ನಮ್ಮ 'ಗೇಟ್ ತೆಗಿಯೋ' ಹಾಡನ್ನು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆವು.

ನಾಳೆ ಕ್ಯಾಮೆರಾ ಇರುತ್ತೆ. ಅಮ್ಮ ಏನಾದರೂ ಅಂದುಬಿಟ್ಟರೆ? ಹಳೇ ಕಾಲದವಳು. ಬೆಂಗಳೂರಿನ ಹುಡುಗಿ, ಎಲ್ಲ ಗಮನಿಸುತ್ತಾಳೆ.

ಸಂಜೆ ದೊಡ್ಡಬಳ್ಳಾಪುರಕ್ಕೆ ಹೋದಾಗ ಹೊಳೆಯಿತು. ಪೇಪರ್ ಕಪ್! ಎಲ್ಲರಿಗೂ ಅದರಲ್ಲೇ. ಒಂದೇ ಥರದ ಕಪ್ಪು, ಕುಡಿದು ಬಿಸಾಕುವುದು, ಯಾರಿಗೂ ಏನೂ ಅನ್ನಿಸುವುದಿಲ್ಲ. ಒಂದು ಪ್ಯಾಕೆಟ್ ತಂದೆ. ಜಗುಲಿಯಲ್ಲೇ ಕುರ್ಚಿ ಹಾಕಿದರೆ ಒಳಗೆ ಕರೆಯುವ ಪ್ರಶ್ನೆಯೂ ಇಲ್ಲ.

ಶಶಿರೇಖಾ ಕೇಳಿದಳು, "ಪೇಪರ್ ಕಪ್ ಯಾಕ್ರೀ? ಮನೆ ತುಂಬಾ ಲೋಟ ಇದ್ಯಲ್ಲ."

"ನಿಂಗೆ ತೊಳೆಯೋ ಕೆಲಸ ತಪ್ಪುತ್ತೆ ಅಂತ" ಅಂದೆ.

"ಅಬ್ಬಾ, ಇಷ್ಟು ವರ್ಷಕ್ಕೆ ಬುದ್ಧಿ ಬಂತಲ್ಲ ನಿಮಗೆ" ಅಂದಳು. ಪಾಪ, ನಿಜವಾಗಿ ಖುಷಿಪಟ್ಟಳು. ನನಗೂ ನನ್ನ ಜಾಣತನ ಮೆಚ್ಚಿಗೆಯಾಯಿತು.


ಫೆಬ್ರವರಿ 9, ಭಾನುವಾರ, ಸಂಜೆ 6

ಹೋದರು ಎಲ್ಲ.

ಚೈತ್ರ ಒಳ್ಳೇ ಹುಡುಗಿ. ಶೆಡ್ಡಿನೊಳಗೆ ಕಾಲಿಟ್ಟವಳೇ ಚಪ್ಪಾಳೆ ತಟ್ಟಿ ಶೀಟಿನ ಕಡೆ ಕಿವಿ ಕೊಟ್ಟಳು. ದೇವಸ್ಥಾನಕ್ಕೆ ಬಂದವರ ಹಾಗೆ ಮೆಲ್ಲಗೆ ಓಡಾಡಿದಳು. ಗುರು ಕಾರಿನಲ್ಲಿ ಬಂದ. ತಲೆ ನರೆತಿದೆ, ಹೊಟ್ಟೆ ಬಂದಿದೆ. ಅವರು ತಂದಿದ್ದ ಡ್ರಮ್ಸ್ ಮುಂದೆ ಕೂತು ಕೋಲು ಹಿಡಿದ ತಕ್ಷಣ ಅದೇ ಹಳೇ ಗುರು. ಅಬ್ಬಬ್ಬಾ! ಶೀಟುಗಳು ನಡುಗಿದವು.

"ಈ ಬೀಟ್ ಎಲ್ಲಿಂದ ಬಂತು ಸರ್? ಹೊರಗಡೆ ಯಾವ ಬ್ಯಾಂಡಲ್ಲೂ ಇಲ್ಲ ಇದು."

"ನಮ್ಮಪ್ಪ ತಮಟೆ ಬಡೀತಿದ್ರು. ದೊಡ್ಡಮುನಿಯಪ್ಪ ಅಂತ. ಅದನ್ನೇ ಸ್ವಲ್ಪ ಸ್ಪೀಡಾಗಿ ಬಡ್ದೆ. ಅಷ್ಟೇ ಕಣಮ್ಮ" ಅಂದ. ಮುಚ್ಚುಮರೆಯಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. "ಇಷ್ಟು ದೊಡ್ಡ ಮನೆ ಇದೆ, ಮೇಲೆ ರೂಮಿದೆ. ಪ್ರಾಕ್ಟೀಸಿಗೆ ಶೆಡ್ಡೇ ಯಾಕೆ ಸರ್?"

ಗುರುವಿನ ಕೋಲು ನಿಂತಿತು.

"ಸೌಂಡಿಗೋಸ್ಕರ" ಅಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಶೀಟಿನ ಚಾವಣಿ, ಉದ್ದನೆಯ ಜಾಗ, ನೆಲದ ಮೇಲಿನ ಭತ್ತದ ಹೊಟ್ಟು ಸದ್ದು ಹೀರುತ್ತೆ, ಜಾಲರಿಯಿಂದ ಗಾಳಿ... ಭಾಷಣ ಬಿಗಿದೆ. ಚೈತ್ರ ತಲೆಯಾಡಿಸುತ್ತಾ ಕೇಳಿದಳು. "ಇದೇ ಸರ್ ಪಂಕ್ ಅಂದ್ರೆ. ಮಹಡಿ ಮನೆ ಬಿಟ್ಟು ಕೋಳಿ ಶೆಡ್ ಆರಿಸ್ಕೊಂಡ್ರಲ್ಲ ನೀವು." ಗುರು ಬಗ್ಗಿ ಡ್ರಮ್ಮಿನ ತಿರುಪು ಬಿಗಿ ಮಾಡುತ್ತಿದ್ದ. ಅದು ಆಗಲೇ ಬಿಗಿಯಾಗಿತ್ತು.

ಕಾಫಿ ಜಗುಲಿಯಲ್ಲಿ. ನಾನೇ ಹಂಚಿದೆ. ಗುರು ಕಪ್ಪನ್ನು ತಿರುಗಿಸಿ ನೋಡಿದ. ಎಲ್ಲರ ಕೈಗಳನ್ನೂ ಒಂದು ಸುತ್ತು ನೋಡಿದ. ಆಮೇಲೆ ನನ್ನನ್ನು. ನನಗೆ ಮಾತ್ರ ಕೇಳುವ ಹಾಗೆ ಅಂದ —

"ನನ್ನ ದೆಸೆಯಿಂದ ಇವತ್ತು ನಿಮ್ಮನೇಲಿ ಎಲ್ರೂ ಪೇಪರ್ ಕಪ್ಪಲ್ಲಿ ಕುಡಿಯೋ ಹಾಗಾಯ್ತಲ್ಲೋ."

"ಏನ್ ಸರ್?" ಅಂದಳು ಚೈತ್ರ.

"ಏನಿಲ್ಲಮ್ಮ. ಕಾಫಿ ಚೆನ್ನಾಗಿದೆ ಅಂದೆ."

ಪೂರ್ತಿ ಕುಡಿದ. ಕಪ್ಪು ಮಡಚಿ ತನ್ನ ಜೇಬಿಗೆ ಹಾಕಿಕೊಂಡು ಕಾರು ಹತ್ತಿದ.


ಫೆಬ್ರವರಿ 10, ಸೋಮವಾರ

ಕೆಲಸ. ಏನೂ ಬರೆಯಲು ಇಲ್ಲ.

ಅಮ್ಮನ ಮೇಲೆ ಸಿಟ್ಟು. ಅವಳಿಂದ ತಾನೇ ಇದೆಲ್ಲ.


ಫೆಬ್ರವರಿ 24, ಸೋಮವಾರ

ಚೈತ್ರ ಒಂದು ಕ್ಲಿಪ್ ಹಾಕಿದ್ದಾಳೆ ಇನ್‌ಸ್ಟಾಗ್ರಾಂನಲ್ಲಿ. ಬೇರೆ ಏನೂ ಸಿಗಲಿಲ್ಲವಾ ಇವಳಿಗೆ — ಸೌಂಡಿನ ಭಾಷಣವೇ. ಮೇಲೆ ಹೆಡ್ಡಿಂಗು: 'ಸೌಂಡಿಗಾಗಿ ಮನೆ ಬಿಟ್ಟವರು.' ಹುಡುಗರು ಕುಣಿದಾಡುತ್ತಿದ್ದಾರೆ. ಬೆಂಕಿ, ಲೆಜೆಂಡ್ ಅಂತ ಏನೇನೋ. ಯಾರೋ ಮೈಸೂರಿನವನು ತಾನೂ ಕೋಳಿ ಶೆಡ್ ಹುಡುಕುತ್ತಿದ್ದೇನೆ ಅಂತ ಬರೆದಿದ್ದಾನೆ. ನವ್ಯ ಟೀ ಶರ್ಟ್ ಮಾಡಿಸಿಕೊಂಡಿದ್ದಾಳೆ. ಎದೆಯ ಮೇಲೆ ನಮ್ಮ ಶೆಡ್ಡಿನ ಚಿತ್ರ. ಅದನ್ನು ಹಾಕಿಕೊಂಡು ಕಾಲೇಜಿಗೆ ಹೋದಳು.

ಫ್ಯಾಕ್ಟರಿಯಲ್ಲೂ ಗೊತ್ತಾಗಿದೆ. ಯಾರೂ ಹಂಗಿಸಲಿಲ್ಲ. ಎಚ್‌ಆರ್ ಮೇಡಂ ಕೈ ಕುಲುಕಿದರು. ಹಂಗಿಸಿದ್ದರೇ ವಾಸಿಯಿತ್ತು.

ಗುರುವಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.


ಫೆಬ್ರವರಿ 27, ಗುರುವಾರ

ಕ್ಲಿಪ್ಪಿನ ಕೆಳಗೆ ಒಂದು ಕಾಮೆಂಟು. ಮೋನಿಷಾ ಅಂತ ಹೆಸರು. ಗುರುವಿನ ಮಗಳು.

"ಸೌಂಡಿಗೋಸ್ಕರ ಅಲ್ಲ. ನಮ್ಮಪ್ಪನ್ನ ಮನೆಯೊಳಗೆ ಬಿಡ್ತಾ ಇರಲಿಲ್ಲ, ಅದಕ್ಕೇ ಶೆಡ್ಡು. ನಿಮ್ಮ ಸಿಂಗರ್‌ನೇ ಕೇಳಿ."

ಓದಿದೆ. ಮತ್ತೆ ಓದಿದೆ. ಮೊದಲು ಬಂದ ಯೋಚನೆ ಇದು — ಇದನ್ನು ಎಷ್ಟು ಜನ ನೋಡಿಬಿಟ್ಟರು? ಇದನ್ನು ಬರೆಯಲೂ ನಾಚಿಕೆ. ಗುರು ನೆನಪಾಗಲಿಲ್ಲ ಮೊದಲು. ಎಚ್‌ಆರ್ ಮೇಡಂ ನೆನಪಾದರು.

ಊಟಕ್ಕೆ ಕೂತಾಗ ನವ್ಯ ಫೋನ್ ಹಿಡಿದುಕೊಂಡು ಬಂದಳು. "ಅಪ್ಪಾ, ಇದು ನಿಜಾನಾ?"

"ಆ ಹುಡುಗಿ ಚಿಕ್ಕೋಳು. ಅವಳಿಗೇನು ಗೊತ್ತು ಆಗಿನದು?"

"ನಾನು ಕೇಳಿದ್ದು ನಿಜಾನಾ ಅಂತ."

"ಮುದ್ದೆ ಆರಿಹೋಗುತ್ತೆ, ತಿನ್ನು" ಅಂದೆ. ಅವಳು ತಿನ್ನದೆ ಎದ್ದುಹೋದಳು.


ಮಾರ್ಚ್ 2, ಭಾನುವಾರ

ನೆಲಮಂಗಲಕ್ಕೆ ಹೋಗಿದ್ದೆ. ಗುರುವಿನ ಮನೆ. ಒಂದು ಡಜನ್ ಮೂಸಂಬಿ ಕಟ್ಟಿಸಿಕೊಂಡು.

ಬಾಗಿಲು ತೆಗೆದವಳು ಸಪ್ಪಲಮ್ಮ, ಗುರುವಿನ ತಾಯಿ. ನನ್ನನ್ನು ನೋಡಿ ಗಾಬರಿಯಾದಳು. "ಬನ್ನಿ ಸ್ವಾಮಿ, ಬನ್ನಿ" ಅಂತ ಸೆರಗಿನಿಂದ ಸೋಫಾ ಒರೆಸಿದಳು. ನಾನು ಅವಳ ಮಗನ ವಯಸ್ಸಿನವನು. ನನಗೆ ಬನ್ನಿ. ನಮ್ಮಮ್ಮ ಇವತ್ತಿಗೂ ಅವಳನ್ನು ಬಾರೇ, ಹೋಗೇ ಅನ್ನುತ್ತಾಳೆ. ಹಾಗನ್ನಬೇಡಿ ಅಮ್ಮಾ, ಹೋಗೋ ಬಾರೋ ಅನ್ನಿ ಅನ್ನಬೇಕಿತ್ತು. ಅನ್ನಲಿಲ್ಲ. ಸೋಫಾ ಮೇಲೆ ಕೂತೆ.

ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ಕುಡಿದೆ. ಕುಡಿಯುವಾಗ ಮನಸ್ಸಿನೊಳಗೆ ಏನೋ ಒಂದು, 'ನೋಡು, ನಾನು ಇವರ ಮನೆಯಲ್ಲಿ ಕುಡೀತಾ ಇದ್ದೀನಿ' ಅಂತ ಬೆನ್ನು ತಟ್ಟಿಕೊಂಡಿತು. ಥೂ, ನನ್ನ ಜನ್ಮಕ್ಕೆ.

ಗುರು ಎದುರಿಗೆ ಕೂತ. ನಾನೇ ಶುರುಮಾಡಿದೆ. ಮೋನಿಷಾ ಬರೆದಿದ್ದಾಳೆ... ಜನ ತಪ್ಪು ತಿಳ್ಕೋತಾರೆ... ಹಾಗೆ ಹೀಗೆ...

"ತೆಗೆಸ್ಬೇಕಾ?" ಅಂದ.

"ಹಾಗಲ್ಲ ಕಣೋ. ನಮ್ಮಮ್ಮ ಹಳೇ ಕಾಲದೋಳು. ಈ ವಯಸ್ಸಲ್ಲಿ ಅವಳ ಮರ್ಯಾದೆ..."

"ತೆಗೆಸ್ಬೇಕು ತಾನೇ? ನೇರವಾಗಿ ಹೇಳೋ."

"...ಹೂಂ."

ಒಳಗೆ ಕೂಗಿದ. "ಮೋನೀ, ಬಾರಮ್ಮ ಇಲ್ಲಿ. ಆ ಕಾಮೆಂಟ್ ತೆಗಿ." ಹುಡುಗಿ ಬಂದು ನನ್ನ ಮುಂದೆಯೇ ನಿಂತು ಫೋನಿನ ಮೇಲೆ ಬೆರಳಾಡಿಸಿದಳು. "ತೆಗೆದೆ ಅಂಕಲ್, ನೋಡಿ" ಅಂತ ಪರದೆಯನ್ನು ನನ್ನ ಮುಖದ ಹತ್ತಿರ ಹಿಡಿದಳು. ನೋಡಿದೆ. ಥ್ಯಾಂಕ್ಸಮ್ಮ ಅಂದೆ. ಹೌದು, ಥ್ಯಾಂಕ್ಸ್ ಅಂದೆ.

ಗೇಟಿನವರೆಗೂ ಬಂದ ಗುರು. "ಆ ಹುಡುಗಿ ಶೆಡ್ಡೇ ಯಾಕೆ ಅಂದಾಗ ನಿನ್ನ ಬಾಯನ್ನೇ ನೋಡ್ತಿದ್ದೆ ಕಣೋ. ಈಗಲಾದ್ರೂ ಹೇಳ್ತಾನೆ ಅಂದ್ಕೊಂಡೆ. ಹಳೇದಕ್ಕೆ ನಂಗೆ ಬೇಜಾರಿಲ್ಲ ಮನೋ. ಆಗ ಇಡೀ ಊರೇ ಹಂಗಿತ್ತು. ಆ ಪೇಪರ್ ಕಪ್ಪಿಗೆ ಬೇಜಾರಾಯ್ತು. ಅದನ್ನ ನೀನು ಅಂಗಡಿಗೆ ಹೋಗಿ ಯೋಚನೆ ಮಾಡಿ ತಂದಿದ್ದೆ."

ಬೈಕ್ ಹತ್ತಿ ಹೊರಟುಬಂದೆ.


ಮಾರ್ಚ್ 9, ಭಾನುವಾರ

ಚೈತ್ರಳ ಫೋನು. ಬೆಂಗಳೂರಿನ ಐದಾರು ಬ್ಯಾಂಡುಗಳು ನಮ್ಮ ಶೆಡ್ಡಿನಲ್ಲೇ ಶೋ ಮಾಡಬೇಕಂತೆ. ಪಂಕ್ ಹುಟ್ಟಿದ ಜಾಗ ಅಂತ. ಕೊನೆಗೆ ನಾನು, ಗುರು 'ಗೇಟ್ ತೆಗಿಯೋ' ಹಾಡಬೇಕು. ಅದೇ ಅವಳ ಸಿನಿಮಾದ ಕ್ಲೈಮ್ಯಾಕ್ಸು. "ಶೆಡ್ ಯುಗಾದಿವರೆಗೂ ಖಾಲಿ ಅಂದಿದ್ರಲ್ಲ ಸರ್?"

ಇನ್ನೂರು ಜನ ಬರುತ್ತಾರೆ. ಗುರು ಅದೇ ಶೆಡ್ಡಿಗೆ ಬಂದು ಮತ್ತೆ ಬಾರಿಸಬೇಕು. ಯಾವ ಬಾಯಲ್ಲಿ ಕರೆಯಲಿ? ಬರದಿದ್ದರೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ.

"ಅಯ್ಯೋ, ಈ ವಾರಾನೇ ಮರಿ ಬರ್ತಾ ಇದೆಯಮ್ಮ" ಅಂದೆ. ಬಾಯಿಗೆ ಬಂದದ್ದು.

ಹೇಳಿದ ಮೇಲೆ ನಿಜ ಮಾಡಬೇಕಲ್ಲ. ಕೋಳಿ ಕಂಪನಿಯ ಸೂಪರ್‌ವೈಸರ್ ಮುನೀಂದ್ರನಿಗೆ ಫೋನ್ ಮಾಡಿ, ಮರಿ ಬೇಗ ಕಳಿಸು ಮಾರಾಯ ಅಂದೆ. "ನೆಲ ಹಸಿ ಇಲ್ವಾ ಸಾರ್?" ಅಂದ. ಒಣಗಿದೆ ಅಂದೆ. ಸಿಮೆಂಟ್ ಹಾಕಿ ಇನ್ನೂ ಮೂರು ದಿನ ಆಗಿರಲಿಲ್ಲ. ಅಮ್ಮ ತಂಗಿಯ ಮನೆಗೆ, ಹೊಸಕೋಟೆಗೆ ಹೋಗಿದ್ದಳು.


ಮಾರ್ಚ್ 17, ಸೋಮವಾರ

ಮರಿಗಳು ಸಾಯುತ್ತಿವೆ. ಹಸಿ ನೆಲದ ಥಂಡಿ. ಬಲ್ಬು ಹಾಕಿ ಕಾವು ಕೊಟ್ಟರೂ ಕೇಳುತ್ತಿಲ್ಲ. ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ಫ್ಯಾಕ್ಟರಿಗೆ ರಜೆ ಹಾಕಿದೆ.

ಬೆಳಗ್ಗೆ ಅಮ್ಮ ಬಕೆಟ್ ಹಿಡಿದು ಸತ್ತವನ್ನು ಆರಿಸುತ್ತಿದ್ದಳು. ಒಂದೊಂದನ್ನೂ ಅಂಗೈಯಲ್ಲಿಟ್ಟು, ಉಸಿರಿದೆಯಾ ಅಂತ ನೋಡಿ, ಬಕೆಟ್ಟಿಗೆ. "ಯಾವ ಬುದ್ಧಿವಂತ ಹೇಳ್ದನೋ ನಿಂಗೆ? ಹಸಿ ನೆಲಕ್ಕೆ ಮರಿ ಬಿಡ್ತಾರೇನೋ? ಏನ್ ಅವಸರ ಬಂದಿತ್ತು ನಿಂಗೆ?"

ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು. ಮೂರನೇ ಸಲಕ್ಕೆ ಸಿಡಿದೆ.

"ನಿನ್ನಿಂದಾನೇ!"

"ನನ್ನಿಂದ್ಲಾ?"

"ಹೂಂ, ನಿನ್ನಿಂದ. ಇಲ್ಲಿ ಹಾಡೋಕೆ ಹುಡುಗ್ರು ಬರ್ತೀವಿ ಅಂದ್ರು. ಗುರು ಬರ್ಬೇಕಾಗಿತ್ತು. ಅವನನ್ನ ಮನೆ ಒಳಗೆ ಕರೆಯೋಕಾಗುತ್ತಾ? ನೀನು ಬಿಡ್ತೀಯಾ? ಅವನ ಮುಂದೆ, ಅವನ ಮಗಳ ಮುಂದೆ ನನ್ನ ಮಾನ ಹೋಯ್ತು. ಎಲ್ಲಾ ನಿನ್ನ ಮಡಿಯಿಂದ!"

ಬಕೆಟ್ ಕೆಳಗಿಟ್ಟಳು.

"ಅವತ್ತು ಲೋಟ ತೊಳ್ದಿಟ್ಟಿದ್ದೆ ಕಣೋ. ಒಳಗೆ ಹಾಲಲ್ಲಿ ಚಾಪೆ ಹಾಸಿದ್ದೆ, ನೋಡ್ಲಿಲ್ವಾ? ನೀನು ಪೇಪರ್ ಲೋಟ ತಂದು ಜಗ್ಲೀಲಿ ಜೋಡಿಸ್ದೆ. ಸರಿ, ಇವನಿಗೇ ಇಷ್ಟ ಇಲ್ವೇನೋ, ಇವನ ಸ್ನೇಹಿತ ಇವನ ಪಾಡು, ನಂಗ್ಯಾಕೆ ಅಂದ್ಕೊಂಡು ಸುಮ್ನಾದೆ."

"ಹಂಗಾದ್ರೆ ಮೊದ್ಲು?" ಅಂದೆ.

"ಮೊದ್ಲು ಇತ್ತು. ನಿಮ್ಮಪ್ಪ ಇದ್ದಾಗ ಇತ್ತು. ನಂಗೂ ಇತ್ತು, ಇಲ್ಲ ಅನ್ನಲ್ಲ. ಈಗ ನಮ್ಮ ಸಂಘದ ಮೀಟಿಂಗು ಎಲ್ಲಾಗುತ್ತೆ ಅಂದ್ಕೊಂಡಿದ್ದೀಯಾ? ಕಾಲೋನೀಲಿ. ವಾರವಾರ ಅಲ್ಲೇ ಟೀ ಕುಡ್ದು ಬರ್ತೀನಿ. ಯಾವತ್ತಾದ್ರೂ ಕೇಳ್ದ್ಯಾ ನನ್ನ? ಅಮ್ಮಾ, ಗುರೂನ ಒಳಗೆ ಕರ್ಕೊಂಡು ಬರ್ಲಾ ಅಂತ, ಒಂದೇ ಒಂದು ಸಲ?"

ಕೇಳಿಲ್ಲ.

"ಕೇಳಿದ್ರೆ ನಾನೇ ಬೇಡ ಅಂತಿದ್ನೋ ಏನೋ, ಅದು ಬೇರೆ. ನೀನು ಕೇಳೇ ಇಲ್ವಲ್ಲಪ್ಪಾ."

ಮತ್ತೆ ಬಗ್ಗಿ ಮರಿ ಆರಿಸತೊಡಗಿದಳು. ನಾನೂ ಆರಿಸಿದೆ. ಅವಳು ಒಂದು ತುದಿಯಿಂದ, ನಾನು ಒಂದು ತುದಿಯಿಂದ.


ಮಾರ್ಚ್ 18, ಮಂಗಳವಾರ

ಏನು ಬರೆಯಲಿ. ಅಮ್ಮನ ಮೇಲೆ ಹೊರಿಸಲೂ ಆಗುವುದಿಲ್ಲ ಈಗ.


ಮಾರ್ಚ್ 23, ಭಾನುವಾರ

ಅಮ್ಮನೇ ಹೇಳಿದಳು, ಹೊಸತೊಡಕಿಗೆ ಗುರುವಿನ ಮನೆಯವರನ್ನೆಲ್ಲ ಊಟಕ್ಕೆ ಕರಿ ಅಂತ. ಯುಗಾದಿ ಮಾರನೇ ದಿನದ ಬಾಡೂಟಕ್ಕೆ ನಮ್ಮಲ್ಲಿ ನೆಂಟರು ಬಿಟ್ಟು ಬೇರೆಯವರು ಬಂದದ್ದಿಲ್ಲ.

ಫೋನ್ ಮಾಡಿದೆ. ಈ ಸಲ ಎತ್ತಿದ.

"ಯಾರು ಕರೀತಿರೋದು? ನೀನಾ, ಅಮ್ಮಾನಾ?"

ಅಮ್ಮ ಫೋನ್ ಕಿತ್ತುಕೊಂಡಳು. "ಗುರೂ, ನಾನಪ್ಪಾ ಪಿಳ್ಳಮ್ಮ. ನಿಮ್ಮಮ್ಮನ್ನೂ ಮಗೂನೂ ಕರ್ಕೊಂಡು ಬಾ. ನಾಟಿಕೋಳಿ 'ತಿನ್ನಲ್ಲ' ಅನ್ಬೇಡ, ನಿಂಗೋಸ್ಕರಾನೇ ಬಿಟ್ಟಿದ್ದೀನಿ ಒಂದು ಹುಂಜನ." ಅತ್ತ ಕಡೆ ಗುರು ನಗುವುದು ನನಗೂ ಕೇಳಿಸಿತು. ಎಷ್ಟು ಸುಲಭವಾಗಿ ಕರೆದುಬಿಟ್ಟಳು!


ಮಾರ್ಚ್ 30, ಭಾನುವಾರ, ಯುಗಾದಿ

ಚೈತ್ರಗೆ ಫೋನ್ ಮಾಡಿ ಹೇಳಿದೆ. ಶೆಡ್ಡಿನ ವಿಷಯ ನಾನು ಹೇಳಿದ್ದು ಸುಳ್ಳು, ಮತ್ತೆ ಹೇಳಬೇಕು, ಕ್ಯಾಮೆರಾ ತನ್ನಿ ಅಂತ. "ಆ ಕಾಮೆಂಟ್ ನಾನು ನೋಡಿದ್ದೆ ಸರ್. ಡಿಲೀಟ್ ಆಗಿದ್ದನ್ನೂ ನೋಡಿದೆ. ನೀವೇ ಕರೀತೀರೇನೋ ಅಂತ ಕಾಯ್ತಿದ್ದೆ" ಅಂದಳು.

ನಾಳೆ ನಾಲ್ಕು ಗಂಟೆಗೆ ಬರುತ್ತಾಳೆ. ಗುರು ನನ್ನ ಪಕ್ಕದಲ್ಲಿ ಕೂರುತ್ತೇನೆ ಅಂದಿದ್ದಾನೆ. ನವ್ಯ ನನ್ನ ಜೊತೆ ಮಾತಾಡಿದಳು. ಬೇವುಬೆಲ್ಲ ಕೊಟ್ಟಳು. ಎದೆ ಹಗುರ. ನಾಳೆ ಎಲ್ಲ ಸರಿಹೋಗುತ್ತೆ.


ಮಾರ್ಚ್ 31, ಸೋಮವಾರ, ಮಧ್ಯಾಹ್ನ 3:45

ಬೇಗ ಬರೆಯಬೇಕು. ಚೈತ್ರ ಬರುವಷ್ಟರಲ್ಲಿ.

ಒಂದು ಗಂಟೆಗೆ ಬಂದರು ಮೂವರೂ. ಸಪ್ಪಲಮ್ಮ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಳು. ಅಮ್ಮ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. "ಬಾರೇ, ನಾಚ್ಕೊಳ್ಳೋಕೆ ನೀನೇನು ಹೊಸ ಮದ್ಲಗಿತ್ತಿಯಾ?" ಎಲ್ಲ ನಕ್ಕರು. ಹಾಲಿನಲ್ಲಿ ಸಾಲಾಗಿ ಕೂತೆವು. ಮುದ್ದೆ, ನಾಟಿಕೋಳಿ ಸಾರು, ಲಿವರ್ ಫ್ರೈ. ಅಮ್ಮನೇ ಬಡಿಸಿದಳು. ಗುರು ಎರಡನೇ ಮುದ್ದೆಗೆ ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಮೋನಿಷಾ, ನವ್ಯ ಫೋನ್ ನೋಡಿಕೊಂಡು ಏನೋ ಕಿಸಿಕಿಸಿ. ಇಷ್ಟೇನಾ? ಇಷ್ಟಕ್ಕಾ ಇಷ್ಟು ವರ್ಷ? ಅನ್ನಿಸಿತು.

ಊಟ ಮುಗಿಯಿತು. ಅಮ್ಮ, ಶಶಿರೇಖಾ ಎಲೆಅಡಿಕೆ ತರಲು ಒಳಗೆ ಹೋಗಿದ್ದರು. ಗುರು ತನ್ನ ತಟ್ಟೆ ಎತ್ತಿಕೊಂಡು ಎದ್ದ. ಬಿಡೋ ಅಂದೆ. "ಇರ್ಲಿ ಬಿಡೋ, ಅಭ್ಯಾಸ" ಅಂತ ಹಿತ್ತಲ ನಲ್ಲಿಗೆ ಹೋದ. ಹಿಂದೆಯೇ ಹೋದೆ. ತೊಳೆದ. ನೀರು ಜಾಡಿಸಿದ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಬೆನ್ನ ಹಿಂದೆ ತಟ್ಟೆಯ ಸ್ಟ್ಯಾಂಡು, ಅವನಿಗೂ ಕಾಣುತ್ತಿತ್ತು.

"ಎಲ್ಲಿಡ್ಲೋ ಇದನ್ನ?" ಅಂದ.

ನನ್ನ ಕೈ ಹೊರಗಿನ ಒಗೆಯುವ ಕಲ್ಲಿನ ಕಡೆ ತೋರಿಸಿತು.

ಯೋಚನೆ ಮಾಡಿ ತೋರಿಸಿದ್ದಲ್ಲ. ಅಮ್ಮ ಹೇಳಿದ್ದಲ್ಲ. ಅಪ್ಪ ಸತ್ತು ಎಷ್ಟೋ ಕಾಲವಾಯಿತು. ಅಲ್ಲಿ ಇದ್ದವನು ನಾನೊಬ್ಬನೇ. ಕೈ ತಾನಾಗಿ ಹೋಯಿತು. ಹೋದ ಮೇಲೆ ವಾಪಸ್ ಎಳೆದುಕೊಂಡೆ, ಅಷ್ಟರಲ್ಲಿ ಅವನು ನೋಡಿಯಾಗಿತ್ತು. ಕೈ ತೊಳೆಯಲು ಬಂದ ಮೋನಿಷಾ ಕೂಡ ನೋಡಿದಳು.

ಗುರು ತಟ್ಟೆಯನ್ನು ಕಲ್ಲಿನ ಮೇಲೆ ಇಟ್ಟ. ಮೆಲ್ಲಗೆ, ಸದ್ದಾಗದ ಹಾಗೆ.

ಹೊರಡುತ್ತೀವಿ ಅಂದ. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳಿಗೆ ಕೈಮುಗಿದ, ಊಟ ಚೆನ್ನಾಗಿತ್ತಮ್ಮ ಅಂದ. ಕಾರಿನ ಹತ್ತಿರ ಓಡಿದೆ. "ನಾಲ್ಕಕ್ಕೆ ಚೈತ್ರ ಬರ್ತಾಳಲ್ಲೋ. ಪಕ್ಕದಲ್ಲಿ ಕೂರ್ತೀನಿ ಅಂದಿದ್ದೆ..."

"ನೀನೇ ಹೇಳು ಮನೋ. ನಾನು ಪಕ್ಕದಲ್ಲಿದ್ರೆ ಹಳೇದು ಮಾತ್ರ ಹೇಳಿ ಅತ್ತುಬಿಡ್ತೀಯಾ. ಜನ ಚಪ್ಪಾಳೆ ತಟ್ಟಿಬಿಡ್ತಾರೆ."

ಹೋದ. ಅಮ್ಮ ಹಿತ್ತಲಿಗೆ ಹೋಗಿ ಕಲ್ಲಿನ ಮೇಲಿನ ತಟ್ಟೆ ನೋಡಿದಳು. ಎತ್ತಿಕೊಂಡು ಒಳಗೆ ಹೋದಳು. ನನಗೆ ಏನೂ ಅನ್ನಲಿಲ್ಲ. ಒಂದು ಮಾತು ಬೈದಿದ್ದರೆ...

ಚೈತ್ರ ಬಂದಳು. ಹಾಲಿನಲ್ಲಿ ಲೈಟು ಹಾಕುತ್ತಿದ್ದಾರೆ. ಎರಡು ಕುರ್ಚಿ ಇಟ್ಟಿದ್ದಾರೆ. ಶೆಡ್ಡು, ಲೋಟ, ಅಪ್ಪನ ಕಾಲ, ಎಲ್ಲ ಹೇಳಲು ಬಾಯಿಪಾಠ ಮಾಡಿಕೊಂಡಿದ್ದೆ. ಹೇಳಿದರೆ ಚೆನ್ನಾಗಿಯೇ ಬರುತ್ತೆ ಸಿನಿಮಾದಲ್ಲಿ. ಆಗ ಇತ್ತು, ಈಗ ಇಲ್ಲ ಅಂತ. ಈಗ ಇಲ್ಲವಾ? ಎರಡು ತಾಸಿನ ಹಿಂದೆ ಇತ್ತಲ್ಲ.

ನವ್ಯ ಬಾಗಿಲು ತಟ್ಟುತ್ತಿದ್ದಾಳೆ. "ಅಪ್ಪಾ, ಗುರು ಅಂಕಲ್ ಕುರ್ಚಿ ತೆಗೆದುಬಿಡೋದಾ ಅಂತ ಕೇಳ್ತಿದ್ದಾರೆ."

ತೆಗೆಯಬೇಡಿ ಅಂದೆ. ಇರಲಿ. ಮೊದಲು ತಟ್ಟೆಯದು ಹೇಳಬೇಕು. ನವ್ಯ ಎದುರಿಗೇ ಇರುತ್ತಾಳೆ. ಇವತ್ತು ಮಧ್ಯಾಹ್ನ, ನನ್ನ ಸ್ನೇಹಿತ ತಟ್ಟೆ ತೊಳೆದು ಎಲ್ಲಿಡಲಿ ಅಂತ ಕೇಳಿದಾಗ, ನಾನು